ಬೀಗ ಎಲ್ಲಿದೆ ಸಾರ್?

ಪೀಣ್ಯದಲ್ಲಿ ಲೋಹದ ಹಾಳೆ ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪ್‌ನಲ್ಲಿ ಸೇಫ್ಟಿ ಟ್ರೇನಿಂಗ್ ಕೊಡುವುದು ನನ್ನ ಕೆಲಸ. ತುಂಬಾ ದಿನ ನಮ್ಮಲ್ಲಿ ಟ್ರೇನಿಂಗ್ ಅಂದರೆ ಇಷ್ಟೇ: ಲೈಟ್ ಆರಿಸಿ ಇಂಗ್ಲಿಷ್ ಸ್ಲೈಡ್ ಹಾಕುವುದು, ನೈಟ್ ಶಿಫ್ಟ್ ಮುಗಿಸಿ ಬಂದವರು ಹಿಂದಿನ ಸಾಲಿನಲ್ಲಿ ತೂಕಡಿಸುವುದು, ಕೊನೆಗೆ ಹತ್ತು ಪ್ರಶ್ನೆಯ ಪೇಪರ್, ರಿಜಿಸ್ಟರ್‌ನಲ್ಲಿ ಸಹಿ. ಎಲ್ಲರಿಗೂ ಹತ್ತಕ್ಕೆ ಒಂಬತ್ತು. ಉತ್ತರಗಳು ಕ್ಯಾಂಟೀನಿನಲ್ಲೇ ಕೈಯಿಂದ ಕೈಗೆ ಓಡಾಡುತ್ತಿದ್ದವು. ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆಮೇಲೆ ವಿಆರ್ ಕನ್ನಡಕ ಬಂತು. ಬೆಂಕಿ ಆರಿಸುವ ಆಟ. ನೋಡೋಕೆ ಚೆನ್ನಾಗಿತ್ತು, ಆದರೆ ಒಂದೇ ಕನ್ನಡಕ, ನಲವತ್ತು ಜನ, ಇಬ್ಬರಿಗೆ ತಲೆ ಸುತ್ತು. ಸಿಲಿಂಡರಿನ ಭಾರ, ಕಾರ್ಬನ್ ಡೈಆಕ್ಸೈಡ್ ಬಿಟ್ಟಾಗ ಬರುವ ಸದ್ದು, ಗ್ಯಾಸ್ ಹೊರಬರುವ ಹಾರ್ನನ್ನು ಮರೆತು ಹಿಡಿದರೆ ಕೈ ಮರಗಟ್ಟಿಸುವ ಆ ತಂಪು, ಇದೆಲ್ಲ ಅದರೊಳಗೆ ಎಲ್ಲಿ ಸಿಗಬೇಕು? ಈಗ ಅದು ಬೀರುವಿನಲ್ಲಿದೆ.

ಕೈ ಹಿಡಿದದ್ದು ಕಾಗದದ ಕಾರ್ಡು. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ, ಮೇಷ್ಟ್ರುಗಳಿಗೆ ಮಾಡಿದ್ದು. ಒಬ್ಬೊಬ್ಬರಿಗೆ ಒಂದು ಕಾರ್ಡು, ನಾಲ್ಕು ಬದಿಗೆ ಎ, ಬಿ, ಸಿ, ಡಿ. ನಿಮ್ಮ ಉತ್ತರ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿದರೆ ಸಾಕು, ನನ್ನ ಫೋನಿನ ಕ್ಯಾಮೆರಾ ಎಲ್ಲವನ್ನೂ ಎಣಿಸುತ್ತದೆ. ಅಕ್ಷರ ಎಷ್ಟು ಸಣ್ಣದು ಅಂದರೆ ಪಕ್ಕದವನಿಗೆ ಕಾಣಲ್ಲ. ಶಾಪ್ ಫ್ಲೋರಿಗೆ ಫೋನ್ ತರುವಂತಿಲ್ಲದ ನಮ್ಮಂಥ ಕಡೆಗೆ ಹೇಳಿ ಮಾಡಿಸಿದ ಹಾಗಿದೆ. ಯಾವ ಕಾರ್ಡು ಯಾರದು ಅಂತ ನಾನು ಬರೆದಿಟ್ಟುಕೊಳ್ಳಲಿಲ್ಲ. ಎಚ್‌ಆರ್‌ನವರು ಮಾರ್ಕ್ಸ್ ಕೇಳಿದರು, ಕೊಡಲ್ಲ ಅಂದೆ.

ನಮ್ಮದೇ ಪ್ರೆಸ್ಸಿನ ಫೋಟೋ ಹಾಕಿ, ಕನ್ನಡ ಮತ್ತು ಹಿಂದಿಯಲ್ಲಿ ಕೇಳಿದೆ: ಡೈ (ಲೋಹ ಒತ್ತುವ ಅಚ್ಚು) ಒಳಗೆ ಸ್ಕ್ರ್ಯಾಪ್ ಸಿಕ್ಕಿಕೊಂಡಿದೆ, ಏನು ಮಾಡ್ತೀರಿ? 38 ಜನರಲ್ಲಿ 27 ಜನ ಹಿಡಿದದ್ದು ಬಿ. ಎಮರ್ಜೆನ್ಸಿ ಸ್ಟಾಪ್ ಒತ್ತಿ ಕೈ ಹಾಕ್ತೀವಿ ಅಂತ. ನನಗೆ ಬೆವರು ಬಂತು. ಸ್ಟಾಪ್ ಒತ್ತಿದ ಮೇಲೂ ಫ್ಲೈವೀಲ್, ಅಂದರೆ ಪ್ರೆಸ್ಸಿನ ಭಾರದ ಚಕ್ರ, ತಿರುಗುತ್ತಲೇ ಇರುತ್ತದೆ, ಯಾರಾದರೂ ಬಂದು ಬಟನ್ ಬಿಡಿಸಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಯಾರೂ ಆನ್ ಮಾಡದ ಹಾಗೆ ಅದಕ್ಕೆ ಬೀಗ ಹಾಕಿ, ಡೈ ಮುಚ್ಚಿಕೊಳ್ಳದ ಹಾಗೆ ಮಧ್ಯೆ ಸೇಫ್ಟಿ ಬ್ಲಾಕ್ ಇಟ್ಟು, ಇಕ್ಕಳದಲ್ಲಿ ತೆಗೆಯಬೇಕು. ಅದು ಸಿ. ಪೇಪರ್ ಟೆಸ್ಟಿನಲ್ಲಿ ಇದಕ್ಕೆ ಎಲ್ಲರೂ ಸಿ ಅಂತಲೇ ಬರೆದಿದ್ದರು, ಅಲ್ವಾ!

ಹಾರ್ವರ್ಡ್‌ನ ಫಿಸಿಕ್ಸ್ ಮೇಷ್ಟ್ರು ಎರಿಕ್ ಮಜೂರ್ 1991ರಿಂದ ಕ್ಲಾಸಿನಲ್ಲಿ ಒಂದು ಉಪಾಯ ಮಾಡುತ್ತಿದ್ದರು. ಉತ್ತರ ಹೇಳದೆ, ಪಕ್ಕದವರ ಜೊತೆ ಮಾತಾಡಿ ಅಂತ ಬಿಟ್ಟು, ಮತ್ತೆ ಅದೇ ಪ್ರಶ್ನೆ ಕೇಳುವುದು. ನಾನೂ ಹಾಗೇ ಮಾಡಿದೆ. ಬಿ 30ಕ್ಕೆ ಏರಿತು. ಕಾಲೇಜು ಬೇರೆ, ಶಾಪ್ ಫ್ಲೋರ್ ಬೇರೆ. ಇಲ್ಲಿ ಸೀನಿಯರ್ ಆಪರೇಟರ್ ಹೇಳಿದ್ದೇ ಸರಿ.

ಆ ಸೀನಿಯರನ್ನೇ ಕೇಳಿದೆ, ಯಾಕಣ್ಣಾ ಬಿ?

"ಸಿ ಸರಿ ಅಂತ ನಂಗೂ ಗೊತ್ತು ಸಾರ್. ಬೀಗ ಎಲ್ಲಿದೆ?"

ಬೀಗ ಮೇಂಟೆನೆನ್ಸ್ ರೂಮಿನ ಕಪಾಟಿನಲ್ಲಿತ್ತು. ಕಪಾಟಿನ ಬೀಗದಕೈ ಇನ್‌ಚಾರ್ಜ್ ಹತ್ತಿರ. ಇನ್‌ಚಾರ್ಜ್ ಸೆಕೆಂಡ್ ಶಿಫ್ಟಿನಲ್ಲಿ ಇರುವುದೇ ಇಲ್ಲ. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ ಬೋರ್ಡು ಮಾತ್ರ ಕಣ್ಣೆದುರಿಗೇ ಇದೆ.

ಅಷ್ಟು ವರ್ಷ ನಾನು ಸುಮ್ನೆ ಪಾಠ ಹೇಳುತ್ತಿದ್ದೆ, ಅವರಿಗೆ ಪಾಠ ಮೊದಲೇ ಬರುತ್ತಿತ್ತು. ಆ ವಾರವೇ ಪ್ರತಿ ಪ್ರೆಸ್ಸಿನ ಪಕ್ಕ ಮೊಳೆ ಹೊಡೆಸಿ ಕೆಂಪು ಬೀಗ ತೂಗುಹಾಕಿಸಿದೆ. ಮುಂದಿನ ತಿಂಗಳು ಅದೇ ಪ್ರಶ್ನೆಗೆ ಸಿ 31 ಬಂತು. ಬಾಕಿ ಏಳು ಜನಕ್ಕೆ ಏನು ತೊಂದರೆ ಅಂತ ಕೇಳಿದಾಗ ಒಡಿಶಾದ ಹುಡುಗನೊಬ್ಬ ಎದ್ದು ನಿಂತ. ಬೀಗ ಇದೆ ಸಾರ್, ಮೂರು ಪ್ರೆಸ್ಸಿಗೆ ಸೇರಿ ಬ್ಲಾಕ್ ಒಂದೇ ಇದೆ ಅಂದ.

ಬ್ಲಾಕ್ ತರಿಸಿಕೊಡಿ ಅಂತ ಇಂಡೆಂಟ್ ಹಾಕಿದ್ದೇನೆ. ಪರ್ಚೇಸ್‌ನವರು ನೋಡ್ತೀವಿ ಅಂದಿದ್ದಾರೆ.