ಮಕ್ಕಳಿಗೆ ಮಳೆ ಬಗ್ಗೆ ಯಾವ ಪುಸ್ತಕ ಕೊಡಿಸಲಿ?

ನಮ್ಮ ತಾರಸಿಯಲ್ಲಿ ಇಟ್ಟಿಗೆಗಳ ಮಧ್ಯೆ ಕತ್ತರಿಸಿದ ಬಾಟಲಿಯೊಂದು ನಿಂತಿರುತ್ತದೆ. ಅದು ಮಳೆ ಅಳೆಯೋ ಬಾಟಲಿ ಅಂತ ಗೊತ್ತಾದ ಕೂಡಲೇ ಮನೆಗೆ ಬಂದವರು ಕೇಳುತ್ತಾರೆ: "ಮಗಳಿಗೆ ಇದನ್ನೆಲ್ಲ ಯಾವ ಪುಸ್ತಕದಿಂದ ಹೇಳಿಕೊಡ್ತೀರಿ? ಹೆಸರು ಹೇಳಿ, ನಾವೂ ತರಿಸ್ತೀವಿ."

ನಾನೂ ಮೊದಲು ಪುಸ್ತಕವನ್ನೇ ತರಿಸಿದ್ದೆ. ಅವಳಿಗೆ ಆಗ ಐದು ವರ್ಷ. ದೊಡ್ಡ ಚಿತ್ರಗಳ ಇಂಗ್ಲಿಷ್ ಪುಸ್ತಕ. ಒಂದು ಪುಟದಲ್ಲಿ ಎಲೆ ಕೆಂಪಾಗಿ ಉದುರುತ್ತಿತ್ತು, ಇನ್ನೊಂದರಲ್ಲಿ ಹಿಮ ಬೀಳುತ್ತಿತ್ತು. ಓದಿ ಮುಗಿಸಿದ ಮೇಲೆ ಕೇಳಿದಳು, "ಅಮ್ಮಾ, ಚಿಕ್ಕಬಳ್ಳಾಪುರಕ್ಕೆ ಹಿಮ ಯಾವಾಗ ಬರುತ್ತೆ?" ಹೊರಗೆ ಆಷಾಢದ ಗಾಳಿ ಬಾಗಿಲು ಬಡಿಯುತ್ತಿತ್ತು. ಪಕ್ಕದ ಮನೆ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಆ ಗಾಳಿ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಅವತ್ತೇ ಕ್ರಮ ಬದಲಾಯಿಸಿದೆ. ಮೊದಲು ಹೊರಗೆ ನೋಡುವುದು, ಆಮೇಲೆ ಪುಟ ತೆರೆಯುವುದು.

ಬಾಟಲಿಯಿಂದ ಶುರು ಮಾಡಿ. ಎರಡು ಲೀಟರಿನ ಬಾಟಲಿಯ ಕುತ್ತಿಗೆ ಭಾಗ ಕತ್ತರಿಸಿ, ಆಲಿಕೆಯ ಹಾಗೆ ತಲೆಕೆಳಗೆ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದೆ. ಅದು ಮುಚ್ಚುವಷ್ಟು ನೀರು ಹಾಕಿ, ಅಲ್ಲಿ ಸೊನ್ನೆ ಗೆರೆ ಎಳೆದು, ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿ. ನಾವು ಮೊದಲ ಸಲ ಸಜ್ಜೆಯ ಕೆಳಗಿಟ್ಟು ಕೆಟ್ಟೆವು. ಮೇಲಿನಿಂದ ಸೋರಿದ ನೀರೂ ಸೇರಿ, ಹನಿ ಮಳೆಗೇ ಬಾಟಲಿ ಅರ್ಧ ತುಂಬಿತ್ತು. ಗೋಡೆ, ಮರ ಹತ್ತಿರ ಇರಲೇಬಾರದು. ಭಾರತೀಯ ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆ ಬರೆದುಕೊಳ್ಳುತ್ತಾರೆ. ನಮ್ಮದೂ ಅದೇ ಹೊತ್ತು. ಸ್ಕೂಲಿಗೆ ಹೊರಡುವ ಮೊದಲು ಅವಳೇ ಮೇಲೆ ಹತ್ತಿ ಓದಿ, ಬರೆದು, ಸೊನ್ನೆ ಗೆರೆಯವರೆಗೆ ನೀರು ಚೆಲ್ಲಿ ಬರುತ್ತಾಳೆ.

ಸುಮ್ನೆ ಅಂಕಿ ಬರೆದರೆ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ. ಅವಳಿಗೆ ಇದು ಹಿಡಿಸಿದ್ದು ಲೆಕ್ಕ ಹಾಕಿದ ದಿನ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. 30×40 ಅಡಿ ಸೈಟಿನಷ್ಟು ಅಗಲದ ತಾರಸಿ ಇದ್ದರೆ ಸುಮಾರು 111 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ ಹತ್ತಿರ ಹತ್ತಿರ 1,100 ಲೀಟರ್! ಸಾವಿರ ಲೀಟರಿನ ಟ್ಯಾಂಕ್ ತುಂಬಿ ಮಿಕ್ಕುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿ ಕೊರೆದರೂ ಎಷ್ಟೋ ಕಡೆ ನೀರು ಸಿಗದ ಜಿಲ್ಲೆ ನಮ್ಮದು. ಇಲ್ಲಿನ ಮಗುವಿಗೆ ಈ ಲೆಕ್ಕ ಗೊತ್ತಿರಲೇಬೇಕು ಅಲ್ವಾ?

ಅಜ್ಜಿ ಇದಕ್ಕೆ ಇನ್ನೊಂದು ಲೆಕ್ಕ ಸೇರಿಸಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳಿರುತ್ತವೆ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ... ಒಂದೊಂದೂ ಹದಿಮೂರು-ಹದಿನಾಲ್ಕು ದಿನ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಅಜ್ಜಿ ಹೇಳಿದರೆ, ಮಗಳು ಮಘೆಯ ಮಳೆಯನ್ನೆಲ್ಲ ಕೂಡಿಸಿ ಎಷ್ಟು ಬಂತು ಅಂತ ಒಪ್ಪಿಸುತ್ತಾಳೆ. ಕಡಿಮೆ ಬಂದ ವರ್ಷ ಅಜ್ಜಿ ರಾಗಿ ಹೊಲದ ಕಥೆ ತೆಗೆಯುತ್ತಾರೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ, ಅಷ್ಟೇ.

ಮೋಡಕ್ಕೆ ಊದುಬತ್ತಿ ಸಾಕು. ಗಾಜಿನ ಜಾಡಿಗೆ ಸ್ವಲ್ಪ ಬಿಸಿನೀರು ಹಾಕಿ, ಊದುಬತ್ತಿಯ ಹೊಗೆ ಬಿಟ್ಟು, ಬಾಯಿಗೆ ಐಸ್ ತುಂಬಿದ ತಟ್ಟೆ ಮುಚ್ಚಿ. ಒಳಗೆ ಬಿಳಿ ಮೋಡ ಕಟ್ಟುತ್ತದೆ. ಹೊಗೆ ಇಲ್ಲದೆ ಮಾಡಿದರೆ ಅಷ್ಟು ದಟ್ಟವಾಗಿ ಕಟ್ಟುವುದಿಲ್ಲ. ನೀರಾವಿ ಹನಿಯಾಗಲು ಕೂರುವುದಕ್ಕೆ ಒಂದು ಕಣ ಬೇಕು. ಧೂಳೋ ಹೊಗೆಯೋ ಯಾವುದಾದರೂ ಸರಿ. ಇದನ್ನು ಮಾಡಿದ ಮುಂದಿನ ಭಾನುವಾರವೇ ನಂದಿ ಬೆಟ್ಟಕ್ಕೆ ಹೋದೆವು. 1,478 ಮೀಟರ್ ಎತ್ತರ. ಮೇಲೆ ಮಂಜು ಕವಿದು ಹತ್ತು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಅವಳು ತನ್ನ ಒದ್ದೆ ಕೂದಲು ಮುಟ್ಟಿಕೊಂಡು, "ಅಮ್ಮಾ, ನಾವು ಜಾಡಿಯೊಳಗೆ ಇದ್ದೀವಿ" ಅಂದಳು. ನನಗೆ ಅವತ್ತು ಆದ ಖುಷಿ ಇನ್ನೂ ಇಳಿದಿಲ್ಲ.

ಗುಡುಗು ಮಾತ್ರ ಮನೆಯೊಳಗಿನ ಪಾಠ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಅಂದಾಜು ಸಿಗುತ್ತದೆ. ಆದರೆ ಗುಡುಗು ಕೇಳಿಸಿತು ಅಂದರೆ ತಾರಸಿ ಬೇಡ, ಮರದ ಕೆಳಗೂ ಬೇಡ.

ಇನ್ನು ಪುಸ್ತಕ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಯಾವುದೇ ಪುಸ್ತಕ ಆಗಲಿ, ನಾನು ಒಂದೇ ಸಲ ಪೂರ್ತಿ ಓದಿಸುವುದಿಲ್ಲ. ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದ ಸಂಜೆಯೇ ಆಲಿಕಲ್ಲಿನ ಪುಟ. ಒಂದು ಕಲ್ಲನ್ನು ಒಡೆದು ಈರುಳ್ಳಿಯಂಥ ಪದರ ಹುಡುಕಿ, ನಮ್ಮೂರ ದ್ರಾಕ್ಷಿ ತೋಟದವರು ಯಾಕೆ ಇದಕ್ಕೆ ಹೆದರುತ್ತಾರೆ ಅಂತ ಮಾತಾಡಿ, ಆಮೇಲೆ ಓದುತ್ತೇವೆ. ಹಿಮದ ಪುಸ್ತಕವನ್ನೂ ಎಸೆದಿಲ್ಲ. ಅದು ಬೇರೆ ಊರಿನ ಮಕ್ಕಳ ಆಕಾಶ ಅಂತ ಈಗ ಅವಳಿಗೆ ಗೊತ್ತು.

ತಾರಸಿಯ ಕಂಬಿಗೆ ಒಂದು ಹಳೇ ರಿಬ್ಬನ್ ಕಟ್ಟಿದ್ದೇವೆ. ಆಷಾಢದಲ್ಲಿ ಅದು ಪೂರ್ವಕ್ಕೆ ಹಾರುತ್ತದೆ. ಆ ಗಾಳಿ ಅರಬ್ಬೀ ಸಮುದ್ರದಿಂದ ಬಂದು, ಘಟ್ಟದಲ್ಲೇ ಹೆಚ್ಚಿನ ನೀರು ಸುರಿಸಿ, ನಮಗೆ ಮಿಕ್ಕಿದ್ದನ್ನು ತರುತ್ತದೆ. ಹೋದ ನವೆಂಬರಿನಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಮಳೆ. ಬಾಟಲಿ ನೋಡಿ ಇಳಿದು ಬಂದವಳು ತಲೆ ಒರೆಸಿಕೊಳ್ಳುತ್ತಾ ಹೇಳಿದಳು, "ಅಜ್ಜಿ, ರಿಬ್ಬನ್ ತಿರುಗಿಬಿಟ್ಟಿದೆ. ಈ ಮಳೆ ಚೆನ್ನೈ ಕಡೆಯಿಂದ ಬಂದಿದ್ದು."