ಮುಳುಗಡೆ ಕಾಗದ

ಬೆಳಗಾವಿಯಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೀಟು ಸಿಕ್ಕಿತ್ತು. ಕ್ಲಾಸು ಶುರುವಾಗಲು ಇನ್ನೂ ಒಂದು ತಿಂಗಳು ಇತ್ತು. ಸುಮ್ನೆ ಕೂರುವುದು ಯಾಕೆ ಅಂತ ಹಳೇ ಪುಸ್ತಕದ ಅಂಗಡಿಯಿಂದ ಭಾರತೀಯ ದಂಡ ಸಂಹಿತೆ ತಂದು ಬಾಯಿಪಾಠ ಹೊಡೆಯತೊಡಗಿದೆ. 302 ಕೊಲೆ, 420 ಮೋಸ. ವಾರ ಕಳೆದ ಮೇಲೆ ಸೀನಿಯರ್ ಒಬ್ಬರು ಫೋನಿನಲ್ಲಿ ನಕ್ಕರು. "ಅದು 2024ರ ಜುಲೈ 1ಕ್ಕ ಹೋತಲ್ಲೋ. ಈಗ ನ್ಯಾಯ ಸಂಹಿತೆ. ಕೊಲೆ 103, ಮೋಸ 318." 511 ಕಲಂ ಇದ್ದದ್ದು 358 ಆಗಿತ್ತು. ಅಂಗಡಿಯವರು ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು ಅಂತ ಆಗ ತಿಳಿಯಿತು.

"ಬಾಯಿಪಾಠ ಬಿಡು. ಮನ್ಯಾಗ ಯಾವುದರ ಕೇಸಿನ ಕಾಗದ ಇದ್ರ ಓದು" ಅಂದರು.

ಬಾಗಲಕೋಟೆಯಲ್ಲಿ ಅಂಥ ಕಾಗದಕ್ಕೇನು ಬರವೇ? ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಕಳೆದುಕೊಂಡವರು ಓಣಿಗೊಬ್ಬರು ಸಿಗುತ್ತಾರೆ. ನಾವಿರುವ ನವನಗರ ಹುಟ್ಟಿದ್ದೇ ಮುಳುಗಡೆಯಿಂದ. ಆಯಿಯ ಮಂಚದ ಕೆಳಗಿನ ಟ್ರಂಕು ಎಳೆದೆ. ಹಳೇ ಉತಾರ, ಐತೀರ್ಪಿನ ನಕಲು, ಹಣ ಮುಟ್ಟಿದ ಪಾವತಿಯ ಪ್ರತಿ. ಅದರ ಮೇಲೆ ಮುತ್ಯಾನ ಹೆಬ್ಬೆಟ್ಟು.

ಇಂಗ್ಲಿಷ್ ಹೇಗೆ ಓದುವುದು ಅನ್ನುವುದೊಂದೇ ನನಗಿದ್ದ ಹೆದರಿಕೆ. ಈ ಕಾಗದ ಕನ್ನಡದಲ್ಲೇ ಇತ್ತು, ಆದರೂ ತಲೆಗೆ ಹತ್ತಲಿಲ್ಲ. ಐತೀರ್ಪು ಅಂದರೆ ಕೋರ್ಟಿನ ತೀರ್ಪು ಅಂದುಕೊಂಡಿದ್ದೆ. ಅಲ್ಲ, ಭೂಸ್ವಾಧೀನ ಅಧಿಕಾರಿ ಗೊತ್ತು ಮಾಡಿದ ಪರಿಹಾರ ಅದು. ಬೆಲೆ ಕಟ್ಟಿದ್ದು ಅಕ್ಕಪಕ್ಕದ ಹೊಲಗಳ ಖರೀದಿ ಪತ್ರ ನೋಡಿ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸುವುದು ಆಗ ಎಲ್ಲರ ರೂಢಿ, ನಮ್ಮ ಮನೆಯವರದೂ. ಆ ಸುಳ್ಳು ಬೆಲೆಯೇ ಕೊನೆಗೆ ನಮ್ಮ ಎರೆ ಹೊಲಕ್ಕೂ ಬಂದು ಕೂತಿತು.

ಬೆಲೆ ಸಾಲದು ಅನ್ನಿಸಿದರೆ ಕೋರ್ಟಿಗೆ ಕಳಿಸಿ ಅಂತ ಕೇಳಬಹುದಿತ್ತು. 1894ರ ಭೂಸ್ವಾಧೀನ ಕಾಯ್ದೆಯ ಕಲಂ 18. ಪಕ್ಕದ ಹೊಲದವರು ಕೇಳಿದರು, ಜಾಸ್ತಿ ಪಡೆದರು. ಮುತ್ಯಾ ಯಾಕೆ ಕೇಳಲಿಲ್ಲ? ಅವನಿಗೆ ಕೋರ್ಟು ಕಚೇರಿ ಸೇರುತ್ತಿರಲಿಲ್ಲ ಅಂತ ಮನೆಯಲ್ಲಿ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಮೊಬೈಲಿನಲ್ಲಿ ಕಾಯ್ದೆ ತೆಗೆದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಾ ಹೋದೆ. ಕಲಂ 31ಕ್ಕೆ ಬಂದು ನಿಂತೆ. ತಕರಾರು ಇದೆ ಅಂತ ಹೇಳದೆ ಹಣ ತೆಗೆದುಕೊಂಡವರು ಕಲಂ 18ರ ಅರ್ಜಿ ಹಾಕುವಂತಿಲ್ಲ. ಮೂರು ಸಲ ಓದಿದೆ. ಪಾವತಿ ತಿರುಗಿಸಿ ನೋಡಿದೆ. ಹಣ ಮುಟ್ಟಿದೆ, ಹೆಬ್ಬೆಟ್ಟು ಇದೆ. ತಕರಾರು ಅನ್ನುವ ಮಾತು ಎಲ್ಲೂ ಇಲ್ಲ.

ಆಯಿಗೆ ಓದಿ ಹೇಳಿದೆ. ಎಲೆ ಅಡಿಕೆ ಜಗಿಯುವುದು ನಿಲ್ಲಿಸಿದಳು.

"ತಕರಾರ ಇರಲಾರದ ಹೊಲ ಕೊಟ್ಟಾನೇನು ಅಂವ? ಮೂರು ದಿನ ಉಂಡಿದ್ದಿಲ್ಲ. ಅದನ್ನ ಬರೀಬೇಕು ಅಂತ ಯಾರೂ ಹೇಳಲಿಲ್ಲ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಾತು ಬದಲಿಸಲು ಕೊನೆಯ ಲೆಕ್ಕದ ಸಾಲು ತೋರಿಸಿದೆ. ಶೇ. 30 ಸೊಲೇಷಿಯಂ. ಮನಸ್ಸಿಲ್ಲದಿದ್ದರೂ ಜಮೀನು ಬಿಡಬೇಕಾಯಿತಲ್ಲ, ಅದಕ್ಕೆ ಬೆಲೆಯ ಮೇಲೆ ಕೊಡುವ ಸಮಾಧಾನದ ಹಣ ಅಂತ ವಿವರಿಸಿದೆ. 2013ರ ಹೊಸ ಕಾಯ್ದೆಯಲ್ಲಿ ಅದು ನೂರಕ್ಕೆ ನೂರು ಅಂತಲೂ ಹೇಳಿದೆ.

"ಹಂಗಾದ್ರ ನಿಮ್ಮ ಮುತ್ಯಾಗ ರೂಪಾಯಿಗೆ ಮೂವತ್ತು ಪೈಸೆ ಸಮಾಧಾನ" ಅಂದು ಆಯಿ ಮತ್ತೆ ಜಗಿಯತೊಡಗಿದಳು.

ಬೆಳಗಾವಿಗೆ ಹೊರಡುವ ಹಿಂದಿನ ದಿನ ಆ ಕಾಗದಗಳ ಜೆರಾಕ್ಸ್ ಮಾಡಿಸಿದೆ. ಹೊಸ ನ್ಯಾಯ ಸಂಹಿತೆಯ ಜೊತೆ ಬ್ಯಾಗಿಗೆ ಹಾಕುವಾಗ ಆಯಿ ಇಣುಕಿ ಕೇಳಿದಳು, "ಅಂವನ ಹೆಬ್ಬೆಟ್ಟು ಅದರಾಗೂ ಬಂದದೇನು?"

ಬಂದಿತ್ತು. ಗೆರೆಯೇನೂ ಕಾಣದು, ಬರೀ ಕರಿ ಕಲೆ.