ದುಃಖದಿಂದ ಸತ್ತ 11 ಜನ

ನಿನ್ನೆ ರಾತ್ರಿ 1632ರ ಲಂಡನ್ನಿನ ಸಾವಿನ ಪಟ್ಟಿ ನೋಡುತ್ತಾ ಕೂತವಳಿಗೆ ನಿದ್ದೆಯೇ ಬರಲಿಲ್ಲ. ಆ ವರ್ಷ ಯಾರು ಯಾತರಿಂದ ಸತ್ತರು ಅನ್ನುವ ಲೆಕ್ಕ ಅದು. ಕ್ಷಯ 1797. ಜ್ವರ 1108. ಮುಪ್ಪು 628. ಇವೆಲ್ಲ ಅರ್ಥವಾಗುತ್ತದೆ. ಆಮೇಲೆ 'ಹಲ್ಲು' 470 ಅಂತ ಇದೆ. ಹಲ್ಲು ಬರುವ ವಯಸ್ಸಿನಲ್ಲಿ ಹೋದ ಕಂದಮ್ಮಗಳು. ಪಾಪ, ನಿಜವಾದ ಕಾಯಿಲೆ ಏನಿತ್ತೋ, ಹೊರಗೆ ಕಂಡದ್ದು ಹಲ್ಲು ಮಾತ್ರ. 'ಗ್ರಹ' ಬಡಿದು 13. ಹೆದರಿ ಸತ್ತವರು ಒಬ್ಬರು. ಇನ್ನೂ ತಿಂಗಳೂ ತುಂಬದ ಎಳೆಗೂಸುಗಳು ಮತ್ತು ಶಿಶುಗಳು ಎಲ್ಲಕ್ಕಿಂತ ಜಾಸ್ತಿ, 2268.

ಇದನ್ನು ಬರೆಸಿದ್ದು ವೈದ್ಯರಲ್ಲ. ಪ್ರತಿ ಚರ್ಚಿನ ವ್ಯಾಪ್ತಿಯಲ್ಲೂ ಒಂದಿಬ್ಬರು ಹೆಂಗಸರನ್ನು ನೇಮಿಸುತ್ತಿದ್ದರು. ಹೆಚ್ಚಾಗಿ ವಯಸ್ಸಾದ ಬಡ ವಿಧವೆಯರು. ಸಾವಾದ ಮನೆಗೆ ಹೋಗಿ, ಹೆಣ ನೋಡಿ, ಮನೆಯವರನ್ನು ಕೇಳಿ, ಗುಮಾಸ್ತನಿಗೆ ಹೇಳಬೇಕು. ಸಿಗುತ್ತಿದ್ದದ್ದು ಚಿಲ್ಲರೆ ಕಾಸು. ಪ್ಲೇಗ್ ಇದ್ದ ಮನೆಗೂ ಅವರೇ ಹೋಗಬೇಕಿತ್ತು. 1662ರಲ್ಲಿ ಜಾನ್ ಗ್ರಾಂಟ್ ಎಂಬ ವ್ಯಾಪಾರಿ ಈ ಪಟ್ಟಿಗಳನ್ನೆಲ್ಲ ಕೂಡಿಸಿ ಪುಸ್ತಕ ಬರೆದ. ಜನಸಂಖ್ಯೆಯ ಅಧ್ಯಯನ ಶುರುವಾದದ್ದೇ ಅಲ್ಲಿಂದ ಅನ್ನುತ್ತಾರೆ. ಆ ಹೆಂಗಸರ ಹೆಸರು ಮಾತ್ರ ಎಷ್ಟು ಜನಕ್ಕೆ ಗೊತ್ತು?

ನನ್ನ ಮನಸ್ಸು ನಿಂತದ್ದು ಒಂದೇ ಸಾಲಿನಲ್ಲಿ. 'ದುಃಖ' 11. ನಮ್ಮಲ್ಲೂ ಹೇಳುತ್ತೇವೆ ಅಲ್ವಾ, ಮಗ ಹೋದ ಮೇಲೆ ಕೊರಗಿ ಕೊರಗಿ ಹೋಗಿಬಿಟ್ಟರು ಅಂತ. ನಮ್ಮ ಅಜ್ಜಿಯ ಬಗ್ಗೆಯೂ ಊರಲ್ಲಿ ಹಾಗೇ ಹೇಳುತ್ತಾರೆ. ಅವರ ಮರಣ ಪತ್ರದಲ್ಲಿ ಇರುವುದು ಹೃದಯಾಘಾತ.